ತೋಟದ ರೈಟರ್‌ಗೆ ಬಂದ ನೂರು ಡಾಲರ್

ನನ್ನ ಕೆಲಸದ ಹೆಸರೇ ರೈಟರ್. ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಬೆಳಗ್ಗೆ ಆಳುಗಳ ಹಾಜರಿ ಹಾಕಬೇಕು. ಕಂಬಚಿಗುರು, ಅಂದರೆ ಕಾಫಿ ಗಿಡದ ಬೇಡದ ಚಿಗುರು, ತೆಗೆಯಲು ಎಷ್ಟು ಜನ, ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯಲು, ಎಷ್ಟು ಜನ ಎಂದು ಪುಸ್ತಕಕ್ಕೆ ಏರಿಸಬೇಕು. ಕುಯ್ಲಿನಲ್ಲಿ ಹಣ್ಣು ತೂಗಬೇಕು. ವಾರಕ್ಕೊಮ್ಮೆ ಬಟವಾಡೆ ಮಾಡಬೇಕು. ಜೊತೆಗೆ ದಿನಾ ಬೆಳಗ್ಗೆ ಏಳು ಗಂಟೆಗೆ ಬಂಗಲೆ ಮುಂದಿನ ರೈನ್‌ಗೇಜ್ ತೆಗೆದು ಹಿಂದಿನ ದಿನದ ಮಳೆ ಅಳೆಯಬೇಕು. ನಮ್ಮ ತೋಟ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯಲ್ಲಿದೆ. 2006ರಿಂದ ನಾನು ಅಲ್ಲಿ ಮಳೆ ಅಳೆಯುತ್ತಿದ್ದೇನೆ.

ಹೋದ ವಾರ ಆಲ್ದೂರಿನ ಹೋಟೆಲಲ್ಲಿ ಕೂತಿದ್ದಾಗ ಪಕ್ಕದ ತೋಟದ ಮೇಸ್ತ್ರಿ ಕೇಳಿದರು. "ರೈಟ್ರೆ, ನೀವು ಮೊಬೈಲಲ್ಲಿ ಮಳೆ ಲೆಕ್ಕ ಬರೀತೀರಲ್ಲ, ಅದಕ್ಕೆ ಡಾಲರ್ ಬರುತ್ತಂತೆ, ಹೌದಾ?" ಹೌದು ಅಂದೆ. "ಎಷ್ಟು?" ಅಂದರು. ಸುತ್ತ ಇದ್ದ ನಾಲ್ಕೈದು ಜನ ತಿರುಗಿ ನೋಡಿದರು. ಅವರಲ್ಲಿ ಇಬ್ಬರ ಮಕ್ಕಳು ಡಿಗ್ರಿ ಮುಗಿಸಿ ಮನೆಯಲ್ಲಿದ್ದಾರೆ. ಅವರು ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ ಅಂತ ನನಗೆ ಗೊತ್ತಾಯಿತು. ಅಲ್ಲಿ ಎರಡು ಮಾತಲ್ಲಿ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ, ಲೆಕ್ಕದ ಸಮೇತ.

ನಾನು ಬರೆಯಲು ಶುರು ಮಾಡಿದ್ದು 2019ರ ಆಗಸ್ಟಿನಲ್ಲಿ. ಆ ಮಳೆಯನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಮೂಡಿಗೆರೆ ಕಡೆ ಗುಡ್ಡಗಳು ಜಾರಿದವು. ಚಾರ್ಮಾಡಿ ಘಾಟಿ ಬಂದ್ ಆಯಿತು. ನಮ್ಮ ರೈನ್‌ಗೇಜಿನಲ್ಲಿ ಒಂದೇ ದಿನ 7 ಇಂಚು 20 ಸೆಂಟ್ಸ್ ಬಂತು. ತೋಟದವರು ಮಳೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುವುದಿಲ್ಲ. ಒಂದು ಇಂಚಿಗೆ ನೂರು ಸೆಂಟ್ಸ್, ಅದೇ ಲೆಕ್ಕ. ಕರೆಂಟ್ ಇರಲಿಲ್ಲ, ಫೋನ್ ಆಗಾಗ ಮಾತ್ರ ಸಿಗುತ್ತಿತ್ತು. ಸಿಕ್ಕಾಗಲೆಲ್ಲ ಬೆಂಗಳೂರಿನಲ್ಲಿರುವ ನಮ್ಮ ಊರಿನ ಮಕ್ಕಳು ಫೋನ್ ಮಾಡುತ್ತಿದ್ದರು. "ಅಣ್ಣ, ನಮ್ಮ ಕಡೆ ಎಷ್ಟು ಬಂತು? ಸೇತುವೆ ಮೇಲೆ ನೀರು ಇದೆಯಾ? ಅಪ್ಪ ಫೋನ್ ಎತ್ತುತ್ತಿಲ್ಲ." ಒಂದು ಸಂಜೆ ಹದಿನೆಂಟು ಜನಕ್ಕೆ ಒಂದೇ ಉತ್ತರ ಹೇಳಿದೆ. ಮಾರನೆಯ ದಿನ ಇಂಟರ್ನೆಟ್ಟಿನಲ್ಲಿ ನನ್ನದೇ ಒಂದು ಬ್ಲಾಗ್ ಮಾಡಿ ಅದನ್ನೇ ಬರೆದು ಹಾಕಿದೆ. ದಿನಾಂಕ, ಮಳೆ, ಯಾವ ರಸ್ತೆ ಓಡಾಟಕ್ಕೆ ಸರಿ ಇದೆ, ಯಾವ ಹಳ್ಳ ಉಕ್ಕಿದೆ. ಹತ್ತು ಸಾಲು. ಅಷ್ಟೇ ನನ್ನ ಮೊದಲ ಬರಹ.

ಬ್ಲಾಗ್ ಅಂದರೆ ಏನು ಅಂತ ನನಗೆ ಮೊದಲೇ ಗೊತ್ತಿತ್ತು. 2008ರ ಸುಮಾರಿಗೆ ತೋಟದ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋದಾಗ ಐ.ಜಿ. ರಸ್ತೆಯ ಒಂದು ಸೈಬರ್ ಸೆಂಟರಲ್ಲಿ ಅರ್ಧ ಗಂಟೆ ಕೂರುತ್ತಿದ್ದೆ. ಆಗ ಕನ್ನಡದಲ್ಲಿ ತುಂಬಾ ಜನ ಬ್ಲಾಗ್ ಬರೆಯುತ್ತಿದ್ದರು. ಕವಿತೆ, ಊರಿನ ನೆನಪು, ಪ್ರವಾಸ. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿ ಹಾಕುತ್ತಿದ್ದರು. ಕೆಲವು ಕಂಪ್ಯೂಟರಲ್ಲಿ ಕನ್ನಡದ ಬದಲು ಬರೀ ಚೌಕದ ಡಬ್ಬಿಗಳು ಕಾಣುತ್ತಿದ್ದವು. ಓದುವವರು ಬಹುತೇಕ ಬರೆಯುವವರೇ ಆಗಿದ್ದರು. ದುಡ್ಡಿನ ಮಾತು ಯಾರ ಬಾಯಲ್ಲೂ ಇರಲಿಲ್ಲ.

ನಂತರ ಎಲ್ಲ ಬದಲಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಫೋನಿನ ಕೀಬೋರ್ಡಲ್ಲೇ ಕನ್ನಡ ಬಂತು. ಬರೆಯಲು ಬಾರದವರು ಮಾತಾಡಿದರೂ ಅದು ಅಕ್ಷರವಾಗುತ್ತದೆ. ತೋಟದ ಆಳುಗಳು ಇರುವ ನಮ್ಮ ಲೈನ್ ಮನೆಯ ಹುಡುಗರು ಏನಾದರೂ ಬೇಕಾದರೆ ಫೋನನ್ನು ಬಾಯಿ ಹತ್ತಿರ ಹಿಡಿದು ಕನ್ನಡದಲ್ಲೇ ಕೇಳುತ್ತಾರೆ. ಹೀಗೆ ಕೇಳುವವರಿಗೆ ಕನ್ನಡದಲ್ಲಿ ಉತ್ತರ ಬೇಕಲ್ವಾ? ಆ ಉತ್ತರ ಇರುವ ಪುಟಗಳು ಕಡಿಮೆ ಇದ್ದವು, ಈಗಲೂ ಕಡಿಮೆ ಇವೆ. ಬ್ಲಾಗುಗಳಿಗೆ ಈಗ ಓದುಗರು ಜಾಸ್ತಿ ಆಗಿರುವುದಕ್ಕೆ ನನಗೆ ಕಾಣುವ ಕಾರಣ ಇದೇ.

ಮಳೆ ನಿಂತ ಮೇಲೆ ಬರೆಯಲು ಏನೂ ಇರಲಿಲ್ಲ. ಆಗ ಓದುಗರೊಬ್ಬರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ಬರೆಯಿರಿ ಎಂದು ಕೇಳಿದರು. ಅದನ್ನು ನಾನು ಪ್ರತಿ ವರ್ಷ ನಿಂತು ಮಾಡಿಸುತ್ತೇನೆ. ಅಡಿಕೆಗೆ, ಮೆಣಸಿನ ಬಳ್ಳಿಗೆ ಶೇಕಡಾ 1ರ ದ್ರಾವಣ. ಒಂದು ಕೆಜಿ ಮೈಲುತುತ್ತ 50 ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರಲ್ಲಿ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಆಗದು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹುಯ್ಯುತ್ತಾ ಕಲಕಬೇಕು. ಆಮೇಲೆ ಉಜ್ಜಿದ ಚಾಕು ಅದ್ದಿ ನೋಡಬೇಕು. ಚಾಕುವಿನ ಮೇಲೆ ಕೆಂಪು ಬಣ್ಣ ಕೂತರೆ ಇನ್ನೂ ಸುಣ್ಣ ಸಾಲದು. ಇಷ್ಟನ್ನೂ ಫೋಟೋ ಸಮೇತ ಬರೆದೆ. ಮಳೆಯ ಲೆಕ್ಕಕ್ಕೆ ದಿನಕ್ಕೆ ನಲವತ್ತು ಜನ ಬಂದರೆ ಜಾಸ್ತಿ. ಇದಕ್ಕೆ ಒಂದು ಮುಂಗಾರಿನಲ್ಲಿ ಸಾವಿರಾರು ಜನ ಬಂದರು. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ, ಸಕಲೇಶಪುರದಿಂದೆಲ್ಲ.

ಮುಂದಿನದು ಔಟ್‌ಟರ್ನ್ ಬಗ್ಗೆ. 50 ಕೆಜಿ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆಯನ್ನು ಹಲ್ ಮಾಡಿಸಿದರೆ, ಅಂದರೆ ಸಿಪ್ಪೆ ತೆಗೆಸಿದರೆ, ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬ ಲೆಕ್ಕ ಅದು. ವ್ಯಾಪಾರಿ ಅದರ ಮೇಲೆ ಬೆಲೆ ಕಟ್ಟುತ್ತಾನೆ. ಒಂದೆರಡು ಎಕರೆ ಇರುವ ಸಣ್ಣ ಬೆಳೆಗಾರರಲ್ಲಿ ಎಷ್ಟೋ ಜನಕ್ಕೆ ಈ ಲೆಕ್ಕ ಬಿಡಿಸಲು ಬರುವುದಿಲ್ಲ, ಕೇಳಲು ಸಂಕೋಚ. ಸ್ಯಾಂಪಲ್ ಹೇಗೆ ತೆಗೆಯುತ್ತಾರೆ, ತೇವ ಜಾಸ್ತಿ ಇದ್ದರೆ ಎಷ್ಟು ಕಳೆಯುತ್ತಾರೆ ಎಂದು ನಮ್ಮ ತೋಟದ ಹಳೆಯ ಚೀಟಿಗಳನ್ನು ಎದುರಿಗೆ ಇಟ್ಟುಕೊಂಡು ಬರೆದೆ. ತೋಟದ ಯಜಮಾನರಾದ ಸಾಹುಕಾರ್ರ ಹತ್ತಿರ ಮೊದಲೇ ಕೇಳಿದ್ದೆ. "ತೋಟದ ಹೆಸರು, ವ್ಯಾಪಾರಿ ಹೆಸರು ಹಾಕಬೇಡಿ. ಲೆಕ್ಕ ಬೇಕಾದರೆ ಬರೀರಿ, ನಾಲ್ಕು ಜನಕ್ಕೆ ಉಪಯೋಗ ಆಗಲಿ" ಅಂದರು.

ದುಡ್ಡಿನ ಕಥೆ ಇಲ್ಲಿಂದ. ಗೂಗಲ್‌ನ ಆಡ್‌ಸೆನ್ಸ್ 2003ರಿಂದ ಇದೆ. ನಮ್ಮ ಪುಟದಲ್ಲಿ ಅವರು ಜಾಹೀರಾತು ತೋರಿಸುತ್ತಾರೆ, ಬಂದದ್ದರಲ್ಲಿ ನಮಗೆ ಪಾಲು ಕೊಡುತ್ತಾರೆ. ಜಾಹೀರಾತುದಾರ ಕೊಟ್ಟ ನೂರು ರೂಪಾಯಲ್ಲಿ 68 ಬರೆಯುವವರಿಗೆ ಅಂತ 2010ರಲ್ಲಿ ಗೂಗಲ್ಲೇ ಲೆಕ್ಕ ಹೇಳಿತ್ತು. ಆದರೆ ಬಹಳ ವರ್ಷ ಇದು ಕನ್ನಡದ ಪುಟಗಳಿಗೆ ಇರಲಿಲ್ಲ. ಹಿಂದಿಗೆ 2014ರ ಕೊನೆಯಲ್ಲಿ ಸಿಕ್ಕಿತು, ತಮಿಳಿಗೆ 2018ರಲ್ಲಿ. ಕನ್ನಡಕ್ಕೆ ಬರುವಾಗ ಇನ್ನೂ ತಡವಾಯಿತು. 2008ರಲ್ಲಿ ಅಷ್ಟು ಚೆನ್ನಾಗಿ ಬರೆಯುತ್ತಿದ್ದವರಿಗೆ ಒಂದು ರೂಪಾಯಿಯ ದಾರಿಯೂ ಇರಲಿಲ್ಲ ಅಂತ ನೆನೆದರೆ ಈಗಲೂ ಬೇಜಾರಾಗುತ್ತದೆ. ಅವರಲ್ಲಿ ಎಷ್ಟೋ ಜನ ಬರೆಯುವುದನ್ನೇ ನಿಲ್ಲಿಸಿದರು.

ನಾನು ಅರ್ಜಿ ಹಾಕಿದ್ದು 2022ರಲ್ಲಿ. ಮೊದಲ ಸಲ ವಾಪಸ್ ಬಂತು. ಪುಟಗಳಲ್ಲಿ ಸರಕು ಸಾಲದು ಅನ್ನುವುದು ಕಾರಣ. ನೋಡಿದರೆ ನಿಜವೇ. ಮುನ್ನೂರು ಪುಟಗಳಲ್ಲಿ ಇನ್ನೂರೈವತ್ತು ಬರೀ "ಇವತ್ತು 35 ಸೆಂಟ್ಸ್" ಅನ್ನುವಂಥವು. ಒಂದೊಂದು ದಿನದ ಮಳೆಯನ್ನೆಲ್ಲ ತಿಂಗಳಿಗೊಂದು ಪುಟದಲ್ಲಿ ಸೇರಿಸಿದೆ. ಹೋದ ವರ್ಷ ಇದೇ ತಿಂಗಳಲ್ಲಿ ಎಷ್ಟಿತ್ತು ಅಂತ ಪಕ್ಕಕ್ಕೆ ಬರೆದೆ. ಎರಡು ತಿಂಗಳು ಕೂತು ಈ ಕೆಲಸ ಮಾಡಿದೆ. ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು.

ಮೊದಲ ತಿಂಗಳು ಬಂದದ್ದು 41 ಸೆಂಟ್ಸ್. ಇದು ಡಾಲರಿನ ಸೆಂಟ್ಸ್, ಮೂವತ್ತ್ಮೂರು ಮೂವತ್ತ್ನಾಲ್ಕು ರೂಪಾಯಿ. ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಅದನ್ನೂ ಬರೆದಿಟ್ಟೆ. ನನ್ನ ಹೆಂಡತಿಗೆ ತೋರಿಸಿದಾಗ ಅವಳು ನಗಲಿಲ್ಲ. "ನಮ್ಮ ಭಾಷೇಲಿ ಬರೆದಿದ್ದಕ್ಕೆ ಎಲ್ಲಿಂದಲೋ ದುಡ್ಡು ಬಂತಲ್ಲ" ಅಂದಳು. ಆ ಮಾತು ನನಗೆ ಬಹಳ ದಿನ ಬಲ ಕೊಟ್ಟಿತು.

10 ಡಾಲರ್ ದಾಟಿದ ಮೇಲೆ ವಿಳಾಸ ಖಾತ್ರಿ ಮಾಡಿಕೊಳ್ಳಲು ಅಂಚೆಯಲ್ಲಿ ಒಂದು ಪಿನ್ ಕಳಿಸುತ್ತಾರೆ. ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ನಾನು ವಿಳಾಸದಲ್ಲಿ ತೋಟದ ಹೆಸರು ಬರೆದು ಅಂಚೆಯ ಹೆಸರು ಬಿಟ್ಟಿದ್ದೆ. ಪತ್ರ ಬರಲಿಲ್ಲ. ವಿಳಾಸ ಸರಿ ಮಾಡಿ ಎರಡನೇ ಸಲ ಕೇಳಿದೆ. ಒಂದು ತಿಂಗಳಾದ ಮೇಲೆ ನಮ್ಮ ಪೋಸ್ಟ್‌ಮ್ಯಾನ್ ಸಣ್ಣ ಮಡಚಿದ ಕಾಗದ ತಂದುಕೊಟ್ಟರು. ಆರು ಅಂಕಿ. ತೋಟದಲ್ಲಿರುವವರು ಅರ್ಜಿ ಹಾಕುವಾಗ ಅಂಚೆ, ಹೋಬಳಿ, ತಾಲ್ಲೂಕು ಎಲ್ಲ ಬರೆಯಿರಿ.

100 ಡಾಲರ್ ಆಗುವ ತನಕ ಕೈಗೆ ಏನೂ ಬರುವುದಿಲ್ಲ. ನನಗೆ ನೂರು ದಾಟಿದ್ದು 2023ರ ನವೆಂಬರಿನಲ್ಲಿ. ಹದಿನಾಲ್ಕು ತಿಂಗಳು ಬೇಕಾಯಿತು. ಮಾರನೆಯ ತಿಂಗಳು 21ರಿಂದ 26ನೇ ತಾರೀಖಿನ ಒಳಗೆ ಹಣ ಕಳಿಸುತ್ತಾರೆ. ಬ್ಯಾಂಕಿನಿಂದ ಫೋನ್ ಬಂತು. ವಿದೇಶದಿಂದ ಹಣ ಬಂದಿದೆ, ಯಾವ ಬಾಬ್ತು ಅಂತ ಕೇಳಿದರು. ಜಾಹೀರಾತಿನ ಬಾಬ್ತು, ಅದಕ್ಕೆ ಪಿ 1007 ಅನ್ನುವ ಕೋಡ್ ಇದೆ. ನಾನು ಅದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. 101 ಡಾಲರ್ ಬಂದದ್ದು ಬ್ಯಾಂಕಿನ ಖರ್ಚು ಕಳೆದು ಪಾಸ್‌ಬುಕ್ಕಿನಲ್ಲಿ 8,122 ರೂಪಾಯಿ ಆಯಿತು. ಆ ಪುಟದ ಫೋಟೋ ಈಗಲೂ ನನ್ನ ಫೋನಿನಲ್ಲಿದೆ.

2024ರಲ್ಲಿ ಎರಡು ಸಲ ಬಂತು. ಎರಡೂ ಸೇರಿ 19,000 ರೂಪಾಯಿ ಹತ್ತಿರ. ರೊಬಸ್ಟಾ ಕಾಫಿಯ ಬೆಲೆ ಯಾವತ್ತೂ ಇಲ್ಲದಷ್ಟು ಏರಿದ ವರ್ಷ ಅದು. ಔಟ್‌ಟರ್ನ್ ಲೆಕ್ಕದ ಪುಟ ತೆರೆಯುವವರು ದಿಢೀರ್ ಹೆಚ್ಚಾದರು. ಪುಟ ಸಾವಿರ ಸಲ ತೆರೆದರೆ ನನಗೆ ಸಿಗುವುದು ಸುಮಾರು 60 ರೂಪಾಯಿ. ಒಂದೊಂದು ಜಾಹೀರಾತು ಜಾಗಕ್ಕೂ ಒಳಗೊಳಗೇ ಹರಾಜು ನಡೆಯುತ್ತದೆ. ಕನ್ನಡ ಪುಟಕ್ಕೆ ಕೂಗುವವರು ಕಡಿಮೆ, ಅದಕ್ಕೇ ರೇಟೂ ಕಡಿಮೆ. ತಿಂಗಳಿಗೆ ಹಂಚಿದರೆ 1,600 ರೂಪಾಯಿಯ ಒಳಗೆ. ಡಿಗ್ರಿ ಮುಗಿಸಿದ ಮಗನನ್ನು ಇದನ್ನೇ ನಂಬಿಸಿ ಮನೆಯಲ್ಲಿ ಕೂರಿಸಬೇಡಿ ಅಂತ ಆ ಇಬ್ಬರಿಗೂ ಹೇಳಿದೆ. ಕೆಲಸ ಹುಡುಕುತ್ತಾ ಜೊತೆಗೆ ಬರೆಯಲಿ. ಬರೆಯುವುದಂತೂ ಬರೆಯಲಿ.

ಇಲ್ಲಿ ಒಂದು ವಿಷಯ ಹೇಳಬೇಕು. ಹಾಸನದಲ್ಲಿ ಎಂಜಿನಿಯರಿಂಗ್ ಓದುವ ನನ್ನ ತಂಗಿ ಮಗ ಪ್ರೀತಿಯಿಂದಲೇ ಒಂದು ಕೆಲಸ ಮಾಡಿದ. ಹಾಸ್ಟೆಲಿನ ಗೆಳೆಯರಿಗೆಲ್ಲ "ಮಾವನ ಪುಟದಲ್ಲಿ ಜಾಹೀರಾತು ಒತ್ತಿ" ಅಂದ. ಎರಡೇ ದಿನದಲ್ಲಿ ಜಾಹೀರಾತು ಬರುವುದು ನಿಂತಿತು. ಒಂದು ತಿಂಗಳು ಏನೂ ಇಲ್ಲ. ನಾವೇ ಒತ್ತುವುದು, ಬೇರೆಯವರಿಗೆ ಒತ್ತಿ ಅನ್ನುವುದು ಎರಡೂ ನಿಯಮಕ್ಕೆ ವಿರುದ್ಧ. ಖಾತೆಯೇ ಹೋಗಿಬಿಡಬಹುದು. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ.

ನಾನು ಮಾಡಿದ ಒಂದು ತಪ್ಪೂ ಇದೆ. ಬೇಗ ಜನ ಬರಲಿ ಅಂತ ಒಮ್ಮೆ "ಕಾಫಿ ಕುಡಿದರೆ ಆರೋಗ್ಯಕ್ಕೆ ಹತ್ತು ಲಾಭ" ಅಂತ ಅಲ್ಲಿ ಇಲ್ಲಿ ನೋಡಿ ಬರೆದೆ. ಅದರಲ್ಲಿ ಒಂದು ಸಾಲೂ ನನಗೆ ಗೊತ್ತಿದ್ದದ್ದಲ್ಲ. ಅಂಥದ್ದು ಸಾವಿರ ಪುಟ ಇವೆ, ನನ್ನದನ್ನು ಯಾರು ಓದಬೇಕು? ಯಾರೂ ಬರಲಿಲ್ಲ. ಒಬ್ಬ ಅಜ್ಜ ಮಾತ್ರ, "ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಬರ್ದಿದ್ದೀರಿ, ದಿನಕ್ಕೆ ಎಷ್ಟು ಲೋಟ ಕುಡೀಲಿ?" ಅಂತ ಕೇಳಿದರು. ನನಗೆ ಭಯವಾಯಿತು. ಡಾಕ್ಟರನ್ನು ಕೇಳಿ ಅಂತ ಅವರಿಗೆ ಉತ್ತರ ಬರೆದು ಆ ಪುಟ ಅಳಿಸಿದೆ. ಅವತ್ತಿನಿಂದ ನಾನು ಕೈಯಾರೆ ಅಳೆದದ್ದು, ತೂಗಿದ್ದು, ನಿಂತು ಮಾಡಿಸಿದ್ದು ಇಷ್ಟನ್ನು ಮಾತ್ರ ಬರೆಯುತ್ತೇನೆ. ಅದೇ ಪುಟಗಳಿಗೇ ದುಡ್ಡೂ ಬಂದಿದೆ. ಮೂರು ವರ್ಷದ ಲೆಕ್ಕ ತೆಗೆದು ನೋಡಿದ್ದೇನೆ. ಅರ್ಧಕ್ಕಿಂತ ಜಾಸ್ತಿ ಬಂದದ್ದು ಬೋರ್ಡೋ ಮತ್ತು ಔಟ್‌ಟರ್ನ್, ಈ ಎರಡೇ ಪುಟದಿಂದ.

ಎರಡು ವರ್ಷದ ಹಿಂದೆ ಮುಂಗಾರಿನ ಹೊತ್ತಲ್ಲಿ ಕೊಪ್ಪದ ಕಡೆಯ ಮೆಣಸು ಬೆಳೆಗಾರರೊಬ್ಬರು ಬರೆದು ಕೇಳಿದರು. "ನೀವು ಒಂದು ಕೆಜಿಗೆ ನೂರು ಲೀಟರ್ ಅಂದಿದ್ದೀರಿ. ಇನ್ನೊಂದು ಕಡೆ ಹತ್ತು ಲೀಟರ್ ಅಂತ ಇದೆ. ಯಾವುದು ಸರಿ?" ಅವರು ಕಳಿಸಿದ ಕೊಂಡಿ ತೆರೆದರೆ ಅದು ನನ್ನದೇ ಬರಹ. ನನ್ನದೇ ಫೋಟೋ, ನಮ್ಮದೇ ನೀಲಿ ಡ್ರಮ್ಮು. ಯಾರೋ ಎತ್ತಿ ಹಾಕಿಕೊಂಡಿದ್ದರು. ನಕಲು ಅಂತ ಗೊತ್ತಾಗಬಾರದು ಅಂತ ಮಾತುಗಳನ್ನು ಆಚೀಚೆ ಮಾಡಿದ್ದರು. ಆ ಗಡಿಬಿಡಿಯಲ್ಲಿ 100 ಹೋಗಿ 10 ಆಗಿತ್ತು.

ಹತ್ತು ಪಟ್ಟು ಗಡಸು ದ್ರಾವಣ ಹೊಡೆದರೆ ಎಲೆ ಸುಡುತ್ತದೆ. ಬಳ್ಳಿಗೆ ಬಳ್ಳಿಯೇ ಬೋಳಾಗಬಹುದು. ಬರಹ ಕದ್ದದ್ದಕ್ಕಿಂತ ಇದು ನನ್ನನ್ನು ಉರಿಸಿತು. ಆ ಬೆಳೆಗಾರರು ಕೇಳಿದರು, ಸರಿ. ಕೇಳದೇ ಹೊಡೆದವರು ಎಷ್ಟು ಜನವೋ? ಆ ಪುಟದವರಿಗೆ ಮೂರು ಸಲ ಬರೆದೆ. ಲೇಖನ ಬೇಕಾದರೆ ಇಟ್ಟುಕೊಳ್ಳಿ, ಮೊದಲು ಆ ಅಂಕಿ ಸರಿ ಮಾಡಿ ಅಂತ ಕೈಮುಗಿದು ಕೇಳಿದೆ. ಉತ್ತರ ಇಲ್ಲ. ಕೊನೆಗೆ ಹಕ್ಕುಸ್ವಾಮ್ಯದ ದೂರು ಕೊಡುವ ಫಾರ್ಮ್ ತುಂಬಿ ಗೂಗಲ್‌ಗೆ ಕಳಿಸಿದೆ. ಕೆಲವು ದಿನಗಳಲ್ಲಿ ಆ ಪುಟ ಹುಡುಕಾಟದಿಂದ ಹೋಯಿತು. ಈಗ ನನ್ನ ಬೋರ್ಡೋ ಪುಟದ ಮೇಲ್ಗಡೆ ದಪ್ಪ ಅಕ್ಷರದಲ್ಲಿ ಅಳತೆ ಬರೆದಿದ್ದೇನೆ. ಡ್ರಮ್ಮಿನ ಮೇಲೂ ಬಣ್ಣದಲ್ಲಿ ಬರೆಸಿ ಹೊಸ ಫೋಟೋ ಹಾಕಿದ್ದೇನೆ. ನಕಲು ಮಾಡಿದರೂ ಫೋಟೋದಲ್ಲಿ ಸರಿಯಾದ ಅಂಕಿ ಉಳಿಯಲಿ ಅಂತ.

ಇನ್ನೊಂದು ದಿನ ಒಬ್ಬರು ತೋಟಕ್ಕೇ ಬಂದರು. ಯಾವುದೋ ಔಷಧಿಯ ಕಡೆಯವರು. ಒಳ್ಳೆಯ ಮಾತುಗಾರರು. ಕಾಫಿ ಗಿಡದ ಕಾಂಡ ಕೊರೆಯುವ ಹುಳ ಬಿಳಿ ಕಾಂಡಕೊರಕಕ್ಕೆ ಅವರ ಔಷಧಿ ಹೊಡೆದೆವು, ಹುಳ ಬಿದ್ದ ಗಿಡ ಉಳಿಯಿತು ಅಂತ ಬರೆಯಬೇಕು. ಫೋಟೋ ಅವರೇ ಕೊಡುತ್ತಾರೆ. 15,000 ರೂಪಾಯಿ. ಅವತ್ತಿಗೆ ಅದು ಆಡ್‌ಸೆನ್ಸಿನಿಂದ ನನಗೆ ಅಲ್ಲಿಯವರೆಗೆ ಬಂದ ಎಲ್ಲ ಹಣಕ್ಕಿಂತ ಜಾಸ್ತಿ. ಮಗಳ ಪಿಯುಸಿ ಫೀಸು ಕಟ್ಟುವ ತಿಂಗಳು ಬೇರೆ. ಆದರೆ ಅರೇಬಿಕಾ ಕಾಫಿ ಬೆಳೆದ ಯಾರಿಗಾದರೂ ಗೊತ್ತು, ಕೊರಕ ಒಳಗೆ ಹೊಕ್ಕ ಗಿಡವನ್ನು ಕಿತ್ತು ಸುಡಬೇಕು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳುವುದೂ ಅದನ್ನೇ. ಅಂಥ ಗಿಡವನ್ನು ಉಳಿಸಿಕೊಂಡರೆ ಹುಳ ಪಕ್ಕದ ತೋಟಕ್ಕೂ ಹೋಗುತ್ತದೆ. ನಾನು ಹಾಗೆ ಬರೆದರೆ ಯಾರೋ ಗಿಡ ಕೀಳದೆ ಕಾಯುತ್ತಾ ಕೂರುತ್ತಾರೆ.

ಮನೆಗೆ ಬಂದು ಹೇಳಿದೆ. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನೀವು ಹಾಜರಿಯಲ್ಲಿ ಬಾರದ ಆಳಿನ ಹೆಸರು ಯಾವತ್ತಾದರೂ ಬರೆದಿದ್ದೀರಾ?" ಅಂದಳು. ಇಲ್ಲ ಅಂದೆ. ಮಾತು ಅಲ್ಲಿಗೆ ಮುಗಿಯಿತು. ಫೀಸಿಗೆ ಸಾಹುಕಾರ್ರ ಹತ್ತಿರ ಮುಂಗಡ ತೆಗೆದುಕೊಂಡೆ.

ಹಣ ತೆಗೆದುಕೊಂಡು ಬರೆಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಹತ್ತಿರದ ಒಂದು ಮೆಣಸಿನ ನರ್ಸರಿಯವರು ಗಿಡ ಸಿಗುತ್ತದೆ ಅಂತ ಒಂದು ಮೂಲೆಯಲ್ಲಿ ಹಾಕಿಸುತ್ತಾರೆ. ವರ್ಷಕ್ಕೆ 2,000 ಕೊಡುತ್ತಾರೆ. ಅದರ ಮೇಲೆ "ಜಾಹೀರಾತು" ಅಂತ ಬರೆದಿದ್ದೇನೆ. ದುಡ್ಡು ಪಡೆದು ಹೇಳಿದ್ದಾದರೆ ಹಾಗಂತ ಓದುಗರಿಗೆ ತಿಳಿಸಬೇಕು ಎಂಬ ಸರ್ಕಾರದ ಮಾರ್ಗಸೂಚಿ 2023ರ ಜನವರಿಯಲ್ಲಿ ಬಂದಿದೆ. ಮಾರ್ಗಸೂಚಿ ಇಲ್ಲದಿದ್ದರೂ ಓದುವವರಿಗೆ ಅಷ್ಟು ಹೇಳುವುದು ಬೇಡವಾ?

ಎಲ್ಲರೂ "ವಿಡಿಯೊ ಮಾಡಿ ರೈಟ್ರೆ, ಅದರಲ್ಲಿ ದುಡ್ಡು ಜಾಸ್ತಿ" ಅನ್ನುತ್ತಾರೆ. ಇರಬಹುದು. ಆದರೆ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ನಿಂತು ವಿಡಿಯೊ ನೋಡಲು ಸಿಗ್ನಲ್ ಸಾಲದು. ಬರಹ ಹೇಗೋ ತೆರೆದುಕೊಳ್ಳುತ್ತದೆ. ಡ್ರಮ್ಮಿನ ಮುಂದೆ ನಿಂತವನಿಗೆ ಬೇಕಾದದ್ದು ಒಂದು ಅಂಕಿ. ಅದಕ್ಕೆ ಅವನು ಹತ್ತು ನಿಮಿಷದ ಮಾತು ಕೇಳಬೇಕಾಗಿಲ್ಲ. ಹಾಗಾಗಿ ನಾನು ಬರೆಯುವುದರಲ್ಲೇ ಇರುತ್ತೇನೆ.

ಬೇಲೂರಿನಲ್ಲಿ ನನ್ನ ಗೆಳೆಯರೊಬ್ಬರು ಮೇಷ್ಟ್ರು. ಗುಡಿಯ ಒಂದೊಂದು ಶಿಲ್ಪದ ಬಗ್ಗೆ ಕನ್ನಡದಲ್ಲಿ ಬರೆಯುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವರಿಗೆ ಓದುಗರು ತುಂಬಾ ಹೆಚ್ಚಾದರು. ಅವರಿಗೆ ಇನ್ನೂ ನೂರು ಡಾಲರ್ ಆಗಿಲ್ಲ. 72ರಲ್ಲಿ ಇದ್ದಾರೆ. ಮೊನ್ನೆ ಫೋನ್ ಮಾಡಿ, ಪಿನ್ ಪತ್ರ ಬಂತು ಅಂತ ಖುಷಿಯಿಂದ ಹೇಳಿದರು.

ಮೊದಲ 8,122 ರೂಪಾಯಲ್ಲಿ ನಾನು ಕೊಂಡದ್ದು ಇನ್ನೊಂದು ರೈನ್‌ಗೇಜ್. ನಮ್ಮ ತೋಟದ ಮೇಲಿನ ಡಿವಿಜನ್ನಿಗೂ ಬಂಗಲೆಗೂ ಒಂದೂವರೆ ಕಿಲೋಮೀಟರ್ ದೂರ, ಮಧ್ಯೆ ಒಂದು ಗುಡ್ಡ. ಎರಡೂ ಕಡೆ ಮಳೆ ಒಂದೇ ಸಮ ಬರುವುದಿಲ್ಲ ಅಂತ ಆಳುಗಳು ಯಾವಾಗಲೂ ಹೇಳುತ್ತಿದ್ದರು. ಅಳೆದು ನೋಡಿದವರು ಇರಲಿಲ್ಲ. ಗೇಜ್ ಮೇಲೆ ಇಟ್ಟೆ. ಅಲ್ಲಿಯ ಮೇಸ್ತ್ರಿಯ ಹೆಂಡತಿ ದಿನಾ ಅಳೆದು ಫೋನಿನಲ್ಲಿ ಹೇಳುತ್ತಾರೆ. ಅವರ ಹೆಸರಿನಲ್ಲೇ ಆ ಅಂಕಿ ಹಾಕುತ್ತೇನೆ. ಕಾಫಿ ಹೂ ಅರಳಿಸುವ ಹೂ ಮಳೆ ಒಂದು ಇಂಚು ಬಿತ್ತಾ, ಸ್ಪ್ರಿಂಕ್ಲರ್ ಬಿಡಬೇಕಾ ಅಂತ ಈಗ ಎರಡು ಕಡೆಗೂ ಬೇರೆ ಬೇರೆ ನೋಡುತ್ತೇವೆ.

ಈಗ ಮಾರ್ಚ್. ಎಲ್ಲರೂ ಹೂ ಮಳೆ ಕಾಯುತ್ತಿದ್ದಾರೆ. ದಿನಕ್ಕೆ ಇಪ್ಪತ್ತು ಜನ ಕೇಳುತ್ತಾರೆ. ನಿನ್ನೆ ರಾತ್ರಿ ಗುಡುಗು ಬಂದು ಸ್ವಲ್ಪ ಸುರಿಯಿತು. ಬಂಗಲೆ ಹತ್ತಿರ 40 ಸೆಂಟ್ಸ್. ಮೇಲಿನ ಡಿವಿಜನ್ನಿನಲ್ಲಿ 85. ಇದನ್ನು ಬರೆಯುತ್ತಿರುವಾಗ ಬಾಬಾಬುಡನ್‌ಗಿರಿ ಕಡೆ ಮತ್ತೆ ಮೋಡ ಕಟ್ಟಿದೆ. ನಾಳೆ ಏಳು ಗಂಟೆಗೆ ಅಳೆದು ಹಾಕುತ್ತೇನೆ.